ಗುಲಾಬಿ ತೋಟದ ಗಾಳಿ

ಗುಲಾಬಿ ತೋಟಗಳ ಊರಾದ ಕಯಾಂಬೆಯ ಆಸ್ಪತ್ರೆಯ ಜಗಲಿಯಲ್ಲಿ ಬಸುರಿ ನಾರ್ಸಿಸಾ, ಅವಳ ಗಂಡನ ಅಕ್ಕ ಸೋಯ್ಲಾ ನನ್ನ ಪಕ್ಕ ಕೂತಿದ್ದರು. ಕೇಳಿಸಿದಷ್ಟನ್ನೇ ಬರೆದಿದ್ದೇನೆ, ತಪ್ಪಿದ್ದರೆ ನನ್ನ ಕಿವಿಯದು.

“ರಕ್ತದಲ್ಲಿ ಏನ್ ನೋಡಿದ್ರೇ?” ಸೋಯ್ಲಾ ಕೇಳಿದಳು.

“ಒಂದು ಕಿಣ್ವ, ಅತ್ತಿಗೆ. ನರ ಒಂದು ಸುದ್ದಿ ಮುಟ್ಟಿಸಿದ ಮೇಲೆ ಅದನ್ನ ಅಳಿಸೋದು ಅದರ ಕೆಲ್ಸ. ಗುಲಾಬಿಗೆ ಹೊಡೆಯೋ ಔಷಧಿ ಅದರ ಕೈ ಕಟ್ಟಿಹಾಕುತ್ತೆ.”

“ಮಗೂಗೆ?”

“ಅದರ ಮಿದುಳು ಈಗ ಬೆಳೀತಿದೆ, ಅದಕ್ಕೂ ಕಿಣ್ವ ಬೇಕು. ಮಗೂದು ನೋಡೋಕಾಗಲ್ಲ, ನನ್ನದು ನೋಡಿದ್ರು. ಸಾಕಷ್ಟಿದೆಯಂತೆ.”

“ದಿನಾ ಔಷಧಿ ಹೊಡೆಯೋನ ಜೊತೆಗಿದ್ದೂ?”

“ಹಿತ್ತಲ ನಲ್ಲೀಲಿ ಮೈ ತೊಳ್ದು, ಬಟ್ಟೆ ಬದಲಿಸಿಯೇ ಒಳಗೆ ಬರೋದು ನಿಮ್ಮ ತಮ್ಮ.”

“ಈ ಚಳೀಲಿ? ಚಿಕ್ಕೋನಿದ್ದಾಗ ಮುಖ ತೊಳ್ಸೋಕೂ ಅಟ್ಟಿಸ್ಕೊಂಡ್ ಹೋಗ್ಬೇಕಿತ್ತು.”

ಅಷ್ಟರಲ್ಲಿ ಆ ತಮ್ಮ, ರುಪೆರ್ತೊ, ಬಂದು ಗೇಟಿನಾಚೆಯೇ ನಿಂತ.

“ಒಳಗ್ ಬಾರೋ.”

“ತೋಟದಿಂದ ಸೀದಾ ಬಂದೆ, ಅಕ್ಕ. ಅಲ್ಲಿಂದ್ಲೇ ಹೇಳಿ.”

“ಸಾಕಷ್ಟಿದೆಯಂತೆ,” ನಾರ್ಸಿಸಾ ದನಿ ಎತ್ತಿ ಹೇಳಿದಳು.

ಆಮೇಲೆ ಮೂವರೂ ಹೊರಟರು. ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಿ, ತನ್ನ ಬಟ್ಟೆಯ ವಾಸನೆ ನಾರ್ಸಿಸಾಗೆ ತಾಕದ ಬದಿಗೆ ರಸ್ತೆ ದಾಟಿ, ಅವನು ಅಲ್ಲಿಂದಲೇ ಅವಳ ಜೊತೆ ನಡೆದ.