ಇಳಿತಕ್ಕೆ ಸಿಕ್ಕಿದ ಸೊಸೆ

ಫಲ್ಗುಣಿ ಈಜುಗಾರರ ಬಳಗದ ಅಧ್ಯಕ್ಷರೂ ಈ ಸಭೆಯ ಹಿರಿಯರೂ ಆದ ಮಹಾಬಲ ಶೆಟ್ಟರೇ, ಮುಖ್ಯ ಅತಿಥಿ ಡಾಕ್ಟರ್ ನೀರಜಾಕ್ಷಿಯವರೇ, ಅಂದು ನನ್ನ ಜೊತೆ ಹೊಳೆಗೆ ಹಾರಿದ ಸಾಹಸಿಗಳೇ, ಆ ಸಾಹಸಿಗಳನ್ನು ನೀರಿನಿಂದ ಎತ್ತಿ ತಂದ ಬೆಂಗ್ರೆಯ ದೋಣಿಯವರೇ, ಮೂರನೇ ಸಾಲಿನಲ್ಲಿರುವ ನನ್ನ ಅತ್ತೆ ಗುಲಾಬಿಯವರೇ, ಅವರ ಪಕ್ಕದಲ್ಲಿ ಕುಳಿತು ನನ್ನನ್ನು ನಗಿಸಲು ನೋಡುತ್ತಿರುವ ನನ್ನವರೇ, ಮತ್ತು ಸಭಿಕರೇ,

ಕನ್ನಡದಲ್ಲಿ ಭಾಷಣ ಮಾಡುವುದು ನನಗೆ ಇದೇ ಮೊದಲು. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಅಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಇವತ್ತು ಕನ್ನಡ ಮಾತಾಡು ಎಂದು ವೇದಿಕೆಯ ಮೇಲೆ ನಿಲ್ಲಿಸಿದ್ದೀರಿ. ಎತ್ತರ ಹೆಚ್ಚುಕಡಿಮೆ ಒಂದೇ.

ಮದುವೆಯಾಗಿ ಒಂದು ತಿಂಗಳಾಯಿತು. ನಿಮ್ಮ ಆಮಂತ್ರಣ ಪತ್ರಿಕೆಯಲ್ಲಿ ‘ಶ್ರೀಮತಿ ಸ್ನೇಹಲತಾ ಚಿತ್ತರಂಜನ ಶೆಟ್ಟಿ’ ಎಂದು ಅಚ್ಚಾಗಿತ್ತು. ಯಾರಪ್ಪ ಇವಳು, ಹೆಸರು ಬಹಳ ಚೆನ್ನಾಗಿದೆ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ನಾನೇ! ಕ್ಷಮಿಸಿ, ಮದುವೆಯ ಮಾತು ಬಂದರೆ ನನಗೆ ಬ್ರೇಕ್ ಹಿಡಿಯುವುದಿಲ್ಲ. ಹೊಳೆಗೆ ಬರುತ್ತೇನೆ.

ಆದರೆ ಹೊಳೆಗೂ ಮದುವೆಯಿಂದಲೇ ಬರಬೇಕು. ಹೆಣ್ಣು ನೋಡಲು ಬಂದ ದಿನ ಇವರು ನನ್ನ ಹವ್ಯಾಸ ಕೇಳಿದರು. ಹೊಲಿಗೆ ಎಂದು ಹೇಳಲು ಅಮ್ಮ ಕಲಿಸಿದ್ದರು. ನಾನು ಈಜು ಎಂದೆ. ಇವರು ‘ಲವ್ಲಿ’ ಎಂದರು. ನಾನು ಮಾಮಿ ಎಂದು ಕರೆಯುವ ನನ್ನ ಅತ್ತೆ ಲವ್ಲಿ ಎನ್ನಲಿಲ್ಲ. ಕೊಡಿಯಾಲ್‌ಬೈಲಿನ ನಮ್ಮ ಹೋಟೆಲಿನ ದುಡ್ಡಿನ ಗಲ್ಲೆಯಲ್ಲಿ ಕೂರುವವರು ಅವರು, ಅವರ ಮುಖ ನೀವೆಲ್ಲ ಕಂಡಿದ್ದೀರಿ. ಮದುವೆಯ ಮರುವಾರ ನನ್ನನ್ನು ಕೂರಿಸಿ ಹೇಳಿದರು: “ಮದುವೆಯಾದ ಹೆಣ್ಣಿಗೆ ಎಂತ ಈಜು ಮಾರಾಯ್ತಿ? ಹೆಸರು ಕೊಟ್ಟದ್ದು ಉಂಟಲ್ಲ, ಅದಕ್ಕೆ ಇದೊಂದು ಸಲ ಹೋಗು. ಆಚೆ ದಡ ಮುಟ್ಟಿದ್ರೆ ಮತ್ತೆ ನೋಡುವ. ನಡುವಲ್ಲಿ ದೋಣಿ ಹತ್ತಿದ್ಯಾ, ಈಜು ಅಲ್ಲಿಗೆ ಮುಗೀತು.”

ಸಭಿಕರೇ, ಮೂರು ವರ್ಷದ ಮಗುವಾಗಿದ್ದಾಗ ಅಪ್ಪ ನನ್ನನ್ನು ಕೆರೆಗೆ ಇಳಿಸಿದ್ದರು. ನೀರಿಲ್ಲದೆ ನಾನು ಎಂಥವಳಾಗುತ್ತೇನೆ ಎಂದು ನನಗೇ ಗೊತ್ತಿಲ್ಲ. ಇವರಿಗಂತೂ ಗೊತ್ತೇ ಇಲ್ಲ, ಪಾಪ. ಅಂದು ಬೆಂಗ್ರೆಯಿಂದ ಎದುರು ದಡದಲ್ಲಿ ದೋಣಿ ಕಟ್ಟುವ ಧಕ್ಕೆಗೆ ಈಜಲು ಹೊರಟಾಗ ಉಳಿದವರು ಬಹುಮಾನದ ಕಪ್ಪಿಗಾಗಿ ಹೊರಟಿದ್ದರು. ನಾನು ಹೊರಟದ್ದು ನೀರಿಗಾಗಿ.

ನಮ್ಮ ಸ್ಪರ್ಧೆಗೆ ಒಂದೇ ಒಂದು ನಿಯಮ ಮುಖ್ಯ. ಕಡಲಿನ ಭರತದ ನೀರು ಹೊಳೆಯಲ್ಲಿ ತುಂಬಿ ನಿಂತಾಗ ಹಾರಬೇಕು, ಇಳಿತ ಕಡಲಿಗೆ ಎಳೆಯುವ ಮೊದಲು ಆಚೆ ಸೇರಬೇಕು. ಇದು ಯಾರಿಗೆ ಗೊತ್ತಿರಲಿಲ್ಲ? ಅಧ್ಯಕ್ಷರಿಗೆ ಗೊತ್ತಿತ್ತು. ದೋಣಿಯವರಿಗೆ ಗೊತ್ತಿತ್ತು. ಈಜುಡುಗೆಯಲ್ಲಿ ಸಾಲಾಗಿ ನಿಂತು ನಡುಗುತ್ತಿದ್ದ ನಮಗೆಲ್ಲ ಗೊತ್ತಿತ್ತು. ಆದರೆ ಉದ್ಘಾಟನೆ ಇಲ್ಲದೆ ನೀರಿಗೆ ಹಾರುವುದುಂಟೆ? ದೀಪ ಹಚ್ಚಿದರು, ಬೆಂಗ್ರೆಯ ಗಾಳಿ ಆರಿಸಿತು. ಮತ್ತೆ ಹಚ್ಚಿದರು, ಮತ್ತೆ ಆರಿಸಿತು. ಹಾರ ಹಾಕಿದರು, ಶಾಲು ಹೊದೆಸಿದರು. ಬಂದ ಅತಿಥಿಗಳೆಲ್ಲ ‘ಎರಡೇ ಮಾತು’ ಆಡಿದರು. ಕೊನೆಗೆ ನಮ್ಮ ಅಧ್ಯಕ್ಷರು ನದಿ ಮತ್ತು ನಾಗರಿಕತೆ ಎಂಬ ವಿಷಯವಾಗಿ ಮಾತಾಡಿದರು. ಬಹಳ ಒಳ್ಳೆಯ ಭಾಷಣ ಸರ್! ಸಿಂಧೂ ನದಿಯಿಂದ ತಾವು ಹೊರಟಾಗ ನೀರು ನಿಂತಿತ್ತು. ಗಂಗೆಗೆ ಬರುವಷ್ಟರಲ್ಲಿ ಲಂಗರು ಹಾಕಿದ ದೋಣಿಗಳು ಒಂದೊಂದಾಗಿ ಮೂತಿ ತಿರುಗಿಸಿದವು. ಇಳಿತ ಶುರುವಾಯಿತು ಎಂದು ನಾವೆಲ್ಲ ಕಣ್ಣಾರೆ ನೋಡಿದೆವು. ನೋಡಿ, ಚಪ್ಪಾಳೆ ತಟ್ಟಿದೆವು. ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕುವವರು ಯಾರು?

ಹಾರುವ ಮೊದಲು ಮಾಮಿ ಬಂದರು. ನನ್ನ ಕರಿಮಣಿಯನ್ನು ಈಜುಡುಗೆಯ ಪಟ್ಟಿಗೆ ಪಿನ್ನು ಹಾಕಿ ಬಿಗಿದರು. ಆಮೇಲೆ ಸೀರೆ ಎತ್ತಿ ಕಟ್ಟಿ, ಛತ್ರಿ ಹಿಡಿದು, ನಮ್ಮನ್ನು ಕಾಯಲು ಬಂದಿದ್ದ ರವೂಫ್ ಅವರ ದೋಣಿಗೆ ಕಾಲಿಟ್ಟರು. ಇವರೂ ಹಿಂದೆಯೇ ಹತ್ತಿದರು.

“ಹೆಂಗಸರು ಬೇಡ ಅಮ್ಮ, ದೋಣಿ ಅಲ್ಲಾಡ್ತದೆ” ಎಂದರು ರವೂಫ್.

“ಅಲ್ಲಾಡಲಿ ಮಾರಾಯ. ಸೊಸೆ ನೀರಲ್ಲಿ, ನಾನು ದಡದಲ್ಲಿ ಎಂತ ಮಾಡುವುದು?”

ಪಿಸ್ತೂಲಿನ ಬದಲು ಪಟಾಕಿ ಹೊಡೆದರು. ಹಾರಿದೆವು. ಅಯ್ಯೋ, ಆ ತಣ್ಣನೆಯ ಉಪ್ಪು ನೀರು! ನನಗೆ ಕಿರುಚಬೇಕೆನಿಸಿತು, ಕಿರುಚಿದೆ ಕೂಡ. ಗಂಡಸರು ಬಾಣದಂತೆ ಧಕ್ಕೆಯ ಬಾವುಟಕ್ಕೆ ಗುರಿಯಿಟ್ಟು ಹೊರಟರು. ಹೊಳೆ ಮಾತ್ರ ನಮ್ಮನ್ನೆಲ್ಲ ಬಲಕ್ಕೆ, ಕಡಲು ಸೇರುವ ಅಳಿವೆಯ ಕಡೆಗೆ ಎಳೆಯಿತು. ಅವರು ಬಾವುಟ ಬಿಡಲಿಲ್ಲ. ಹರಿವಿಗೆ ಎದುರಾಗಿ ಹೊಡೆದರು, ಹೊಡೆದರು, ಸುಸ್ತಾಗಿ ಒಬ್ಬೊಬ್ಬರೇ ದೋಣಿ ಹಿಡಿದರು. ನಾನು ಜಾಣತನದಿಂದ ಉಳಿದೆ ಎಂದುಕೊಳ್ಳಬೇಡಿ. ಹರಿವಿಗೆ ಎದುರು ಹೊಡೆಯುವಷ್ಟು ಶಕ್ತಿಯೇ ನನ್ನಲ್ಲಿರಲಿಲ್ಲ. ನೀರು ಎಳೆದತ್ತ ಹೋಗುತ್ತಾ, ಅಡ್ಡಕ್ಕೆ ಸ್ವಲ್ಪ ಸ್ವಲ್ಪ ಕೈ ಬೀಸುತ್ತಿದ್ದೆ. ಬಾವುಟ ನನ್ನನ್ನು ದಾಟಿ ಹಿಂದೆ ಹೋಯಿತು.

ನಡುಹೊಳೆಯಲ್ಲಿ ತೋಳು ಸೋತಿತು. ಎರಡು ದಡವೂ ಒಂದೇ ದೂರ. ಅಲ್ಲಿಯವರೆಗೆ ಎಲ್ಲವೂ ತಮಾಷೆಯಾಗಿತ್ತು, ಅಲ್ಲಿ ನನಗೆ ಹೆದರಿಕೆಯಾಯಿತು. ಆಗ ದೋಣಿ ಹತ್ತಿರ ಬಂತು. ಇವರು ಅರ್ಧ ದೇಹ ಹೊರಗೆ ಚಾಚಿ ನನ್ನನ್ನು ಕೂಗಿದರು. ಮನೆಯಲ್ಲಿ ಕರೆಯುವ ಹೆಸರಿನಿಂದಲೇ ಕೂಗಿದರು. ಆ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಅಂದು ಹೊಳೆಯಲ್ಲಿದ್ದವರೆಲ್ಲ ಹೇಗೂ ಕೇಳಿದ್ದಾರೆ.

“ಸಾಕು, ಕೈ ಕೊಡು, ಬಾ!”

ಧಾರೆಯ ದಿನ ನನ್ನ ಕೈ ಹಿಡಿದ ಅದೇ ಕೈ. ಹಿಡಿದರೆ ಬೆಚ್ಚನೆಯ ಟವೆಲು, ಬಿಸಿ ಕಾಫಿ, ಇವರ ಭುಜ. ಹಿಡಿದರೆ ಈಜೂ ಮುಗಿಯಿತು. ನಿಜ ಹೇಳುತ್ತೇನೆ, ನಾನು ಕೈ ಚಾಚಿದೆ. ಬೆರಳು ತಗಲಬೇಕು, ಅಷ್ಟರಲ್ಲಿ ಇವರ ಮಣಿಕಟ್ಟಿನ ಮೇಲೆ ಛತ್ರಿ ಬಿತ್ತು!

“ಕೈ ಒಳಗೆ ತೆಗಿ! ಮುಟ್ಟಿದ್ರೆ ಅವಳು ಔಟ್ ಅಲ್ವಾ? ಬುದ್ಧಿ ಉಂಟಾ ನಿನಗೆ?”

“ಅಮ್ಮ, ಮುಳುಗ್ತಾಳೆ!”

“ಮುಳುಗುವವಳು ಹೀಗೆ ಕಣ್ಣು ಬಿಟ್ಟು ನನ್ನನ್ನು ನೋಡ್ತಾಳಾ?”

ಮಾಮಿಯ ತವರು ಕಂಬಳದ ಮನೆ. ತಮ್ಮ ಮನೆಯ ಕೋಣ ಸೋತರೆ ಎರಡು ದಿನ ಊಟ ಬಿಡುವ ಜನ. ಸೊಸೆ ಈಜುವುದು ಅವರಿಗೆ ಬೇಡವಾಗಿತ್ತು, ನಿಜ. ಆದರೆ ಸೊಸೆ ಸೋಲುವುದು ಅದಕ್ಕಿಂತ ಬೇಡವಾಗಿತ್ತು! ದೋಣಿಯಲ್ಲಿ ಎದ್ದು ನಿಂತು, ಛತ್ರಿ ಬೀಸುತ್ತಾ, “ಬಲಿಪು! ಬಲಿಪು ಮಗಾ!” ಎಂದು ಬೊಬ್ಬೆ ಹೊಡೆದರು. ಈಜುವವಳಿಗೆ ತುಳುವಿನಲ್ಲಿ ಓಡು, ಓಡು ಎಂದು!

“ಅಮ್ಮಾ, ಕೂತ್ಕೊಳ್ಳಿ, ಇದು ಕಂಬಳದ ಗದ್ದೆ ಅಲ್ಲ!” ರವೂಫ್ ಕೈಮುಗಿದರು.

ನನಗೆ ನಗು ಬಂತು. ನಕ್ಕು ನೀರು ಕುಡಿದೆ, ಕೆಮ್ಮಿದೆ, ಮತ್ತೆ ನಕ್ಕೆ. ಹೆದರಿಕೆ ಎಲ್ಲಿ ಹೋಯಿತೋ ತಿಳಿಯದು. ತೋಳು ಮತ್ತೆ ಎದ್ದಿತು. ಧಕ್ಕೆಯಿಂದ ಎಷ್ಟೋ ಕೆಳಗೆ, ಹೊಯ್ಗೆಬಜಾರಿನ ಒಂದು ಹಂಚಿನ ಕಾರ್ಖಾನೆಯ ಹಿಂದೆ, ಆವೆಮಣ್ಣಿನ ರಾಶಿಗೆ ನನ್ನ ಮೊಣಕಾಲು ತಗಲಿತು. ನಾಲ್ಕು ಕಾಲಿನಲ್ಲಿ ಹತ್ತಿದೆ. ಮಣ್ಣು ಇಳಿಸುತ್ತಿದ್ದ ಹೆಂಗಸೊಬ್ಬರು ಬುಟ್ಟಿ ಕೆಳಗಿಟ್ಟು ಕೇಳಿದರು: “ಧಕ್ಕೆ ಅಲ್ಲಿ ಉಂಟು ಅಕ್ಕ, ನೀವು ಇಲ್ಲಿ ಎಂತ ಮಾಡ್ತೀರಿ?”

ಅದೇ ಪ್ರಶ್ನೆಯನ್ನು ತೀರ್ಪುಗಾರರೂ ಕೇಳಿದರು. ದೋಣಿ ಮುಟ್ಟದೆ ದಾಟಿದವಳು ನಾನೊಬ್ಬಳೇ. ಆದರೆ ಸೇರಬೇಕಾದ ಜಾಗ ಸೇರಲಿಲ್ಲ. ಆದ್ದರಿಂದ ಕಪ್ ಇಲ್ಲ, ಶಾಲು ಎಂದು ತೀರ್ಮಾನವಾಯಿತು. ಶಾಲು ಬಹಳ ಚೆನ್ನಾಗಿದೆ, ಥ್ಯಾಂಕ್ಸ್.

ನನಗೆ ಬೇಕಾಗಿದ್ದದ್ದು ಇನ್ನೊಂದು ತೀರ್ಪು. ಆ ಮಣ್ಣಿನಲ್ಲೇ ನಿಂತು, ದೋಣಿಯಿಂದ ಇಳಿದು ಬಂದವರಿಗೆ, “ಮಾಮಿ, ಮುಂದಿನ ವರ್ಷ?” ಎಂದೆ. “ಮೊದಲು ಕಿವಿಯಿಂದ ಮಣ್ಣು ತೆಗಿ” ಎಂದರು. ಚಹಾ ಕೊಡುವಾಗ ಕೇಳಿದೆ, ಸಕ್ಕರೆ ಕಡಿಮೆ ಎಂದರು. ಮೀನು ಹೆಚ್ಚುವಾಗ ಕೇಳಿದೆ, ಕತ್ತಿ ತೋರಿಸಿದರು. ಇವತ್ತು ಈ ಸಭೆಗೆ ಹೊರಡುವಾಗ, ನನ್ನ ಜಡೆಗೆ ಮಲ್ಲಿಗೆ ಮುಡಿಸುತ್ತಾ, ಕೇಳದೆಯೇ ಹೇಳಿದರು:

“ಮುಂದಿನ ವರ್ಷ, ಎಂಬತ್ತನೇ ಇಸವಿಯಲ್ಲೂ ಹಾರು, ನಾನೂ ಬರ್ತೇನೆ. ಆದರೆ ಮೊದಲು ಈಜು, ಮತ್ತೆ ಭಾಷಣ. ಮಹಾಬಲಣ್ಣ ಎಲ್ಲರ ಎದುರು ಒಪ್ಪಬೇಕು. ಒಪ್ಪದಿದ್ರೆ ನಿನ್ನನ್ನು ಇಳಿತಕ್ಕೆ ಬಿಡ್ಲಿಕ್ಕೆ ನನ್ನಿಂದ ಆಗುದಿಲ್ಲ ಮಗಾ. ಅವತ್ತು ಬೊಬ್ಬೆ ಹೊಡೆದೆ, ರಾತ್ರಿ ನಿದ್ರೆ ಬರ್ಲಿಲ್ಲ.”

“ನೀವೇ ಕೇಳಿ ಮಾಮಿ.”

“ನಾನು ಕೇಳಿದ್ರೆ ಜಗಳ ಅಂತಾರೆ. ನೀನು ಹೊಸ ಮದುಮಗಳು. ನಿನಗೆ ಇಲ್ಲ ಅನ್ಲಿಕ್ಕೆ ಯಾರಿಗೂ ಬಾಯಿ ಬರುದಿಲ್ಲ.”

ಆದ್ದರಿಂದ ಅಧ್ಯಕ್ಷರೇ, ಹೊಸ ಮದುಮಗಳು ಕೈಮುಗಿದು ಕೇಳುತ್ತಿದ್ದೇನೆ. ದೀಪ, ಹಾರ, ಸಿಂಧೂ, ಗಂಗೆ, ಎಲ್ಲವೂ ಇರಲಿ. ನಾವು ಧಕ್ಕೆ ಮುಟ್ಟಿದ ಮೇಲೆ ಇರಲಿ. ಒದ್ದೆ ತಲೆಯಲ್ಲೇ ಕುಳಿತು ಕೊನೆಯವರೆಗೂ ಕೇಳುತ್ತೇವೆ. ನನ್ನ ಈಜು ಈಗ ನಿಮ್ಮ ಕುತ್ತಿಗೆಯ ಮೇಲಿದೆ, ಹೌದೆಂದು ತಲೆ ಸ್ವಲ್ಪ ಅಲ್ಲಾಡಿಸಿದರೆ ಸಾಕು. ತಾವು ಕರ್ಚೀಫಿನಿಂದ ಮುಖ ಒರೆಸುತ್ತಿದ್ದೀರಿ, ಅದನ್ನು ಹೌದೆಂದುಕೊಂಡರೆ ನನ್ನ ಮಾಮಿ ಒಪ್ಪುವುದಿಲ್ಲ. ಡಾಕ್ಟರೇ, ದಯವಿಟ್ಟು ಅವರಿಗೆ ಒಂದು ಲೋಟ ನೀರು ಕೊಡಿ. ಸರ್?

ತಲೆ ಆಡಿಸಿದಿರಿ! ಸಭಿಕರೇ, ಕಂಡಿರಲ್ಲ? ಮಾಮಿ, ಕಂಡಿರಾ? ಅಲ್ಲಿ ನೋಡಿ, ನನ್ನ ಮಾಮಿಯೇ ಮೊದಲು ಚಪ್ಪಾಳೆ ತಟ್ಟುತ್ತಿದ್ದಾರೆ!

ತಲೆಯಾಡಿಸಿದ ಅಧ್ಯಕ್ಷರಿಗೆ, ಸಾಕ್ಷಿಯಾದ ನಿಮ್ಮೆಲ್ಲರಿಗೆ ಹೃದಯ ತುಂಬಿದ ಧನ್ಯವಾದ. ಅವರು ಮನಸ್ಸು ಬದಲಿಸುವ ಮೊದಲು ನಾನು ಕೆಳಗಿಳಿಯುತ್ತೇನೆ. ನಮಸ್ಕಾರ!