ವೋಲ್ಟೇಜ್ ಮೆಲ್ಲಗೆ ಏರಲಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ನನ್ನಿಂದ ಬೈಸಿಕೊಂಡೂ ನನ್ನನ್ನು ಬೀಳ್ಕೊಡಲು ಬಂದಿರುವ ಪರೀಕ್ಷಾ ವಿಭಾಗದ ಸಹೋದ್ಯೋಗಿಗಳೇ, ಸಭಿಕರೇ,

ನಿವೃತ್ತಿಯ ದಿನ ಅಳಬಾರದು ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದೆ. ಆದರೆ ನಾನು ಮೈಕಿನ ಮುಂದೆ ನಿಂತ ಕೂಡಲೇ ದೀಪ ಮಿಟುಕಿತಲ್ಲ, ನೀವೆಲ್ಲ ನಕ್ಕಿರಲ್ಲ, ಆಗಿನಿಂದ ನನ್ನ ಮನಸ್ಸು ಇಲ್ಲಿಲ್ಲ. ಪಕ್ಕದ ಬೀದಿಯ ಆಸ್ಪತ್ರೆಯಲ್ಲಿ, ದಿನ ತುಂಬದೆ ಹುಟ್ಟಿದ ನನ್ನ ಮೊಮ್ಮಗಳು ನಾವೇ ತಯಾರಿಸಿದ ಉಸಿರಾಟದ ಮೆಷಿನ್ನನ್ನು ನಂಬಿ ಮಲಗಿದ್ದಾಳೆ. ಬ್ಯಾಟರಿ ಇಲ್ಲದ ಚಿಕ್ಕ ಮಾದರಿ ಅದು. ಆ ಬೀದಿಗೂ ಈ ಸಭಾಂಗಣಕ್ಕೂ ಒಂದೇ ಕರೆಂಟ್ ಲೈನು.

ಹೆದರಿದರೆ ನಾನು ಪಾಠ ಮಾಡುತ್ತೇನೆ, ಸಹಿಸಿಕೊಳ್ಳಿ. ಆ ಮೆಷಿನ್ನಿಗೆ ಕರೆಂಟು ಹಂಚುವ ನಮ್ಮ ಬೋರ್ಡು ಮಾಡುವುದೇನು? ದೊಡ್ಡ ವೋಲ್ಟೇಜನ್ನು ಇಳಿಸಿ ಎರಡು ಸಣ್ಣ ವೋಲ್ಟೇಜ್ ಮಾಡುತ್ತದೆ. ಸ್ವಿಚ್ ಹಾಕಿದೊಡನೆ ಅವು ಎಗರಬಾರದು, ಸೊನ್ನೆಯಿಂದ ಮೆಲ್ಲಗೆ ಏರಬೇಕು. ಅದು ಸಾಫ್ಟ್ ಸ್ಟಾರ್ಟ್. ಏರುವಾಗ ಒಂದನ್ನೊಂದು ಬಿಟ್ಟು ಹೋಗಲೂಬಾರದು, ಕೈ ಹಿಡಿದು ಮೆಟ್ಟಿಲು ಹತ್ತುವ ಅಕ್ಕತಂಗಿಯರಂತೆ. ಅದು ಟ್ರ್ಯಾಕಿಂಗ್. ಕೈ ಬಿಟ್ಟರೆ ಮೆಷಿನ್ನನ್ನು ನಡೆಸುವ ಚಿಪ್ ದಿಕ್ಕು ತಪ್ಪಿ ನಿಂತುಬಿಡುತ್ತದೆ.

ನನಗೆ ಕೆಲಸ ಕಲಿಸಿದ ಫೋರ್‌ಮನ್ ಹೇಳುತ್ತಿದ್ದರು: "ಆತುರಗಾರನಿಗೆ ಬುದ್ಧಿ ಮಟ್ಟ ಕಣಮ್ಮಾ. ಸ್ವಿಚ್ ಆರಿಸು, ಟೀ ಕುಡ್ಕೊಂಡು ಬಾ, ಆಮೇಲೆ ಹಾಕು." ಇಡೀ ವಿಭಾಗ ಇಂದಿಗೂ ಹಾಗೆಯೇ ಪರೀಕ್ಷಿಸುತ್ತದೆ. ಟೀ ಮುಗಿಯುವಷ್ಟರಲ್ಲಿ ಬೋರ್ಡಿನಲ್ಲಿ ಉಳಿದ ಕರೆಂಟು ಪೂರ್ತಿ ಖಾಲಿ. ಎರಡೂ ಸೊನ್ನೆಯಿಂದ ಚೆಂದವಾಗಿ ಏರುತ್ತವೆ, ನಾವು ಮುದ್ರೆ ಒತ್ತುತ್ತೇವೆ. ಆದರೆ ಸಭಿಕರೇ, ಊರಿನ ಕರೆಂಟು ಟೀ ಕುಡಿದು ಬರುತ್ತದೆಯೇ? ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿ ಬಂದರೆ? ಒಂದು ವೋಲ್ಟೇಜ್ ಇನ್ನೂ ಅರ್ಧದಲ್ಲಿರುತ್ತದೆ, ಇನ್ನೊಂದು ಸೊನ್ನೆಯಲ್ಲಿ! ಹಾಗಾದರೆ ಏನಾಗುತ್ತದೆಂದು ನಮ್ಮಲ್ಲಿ ಯಾರೂ ನೋಡಿಲ್ಲ. ಅಯ್ಯೋ, ನನಗೆ ಹೊಳೆದದ್ದೂ ಈಗ, ಇಲ್ಲಿ ನಿಂತಾಗ.

ಬೆಳಿಗ್ಗೆ ಮಗಳು ಕೇಳಿದ್ದಳು, "ಅಮ್ಮಾ, ಈ ಮೆಷಿನ್ ಕೈ ಕೊಡಲ್ಲ ತಾನೆ?" "ನಾನೇ ನೋಡಿ ಕಳಿಸಿದ್ದು, ಸುಮ್ನಿರೇ" ಎಂದು ಗದರಿದ್ದೆ.

ಕ್ಷಮಿಸಿ, ಅವಳದೇ ಫೋನು... ಹ್ಞಾಂ, ಹೇಳೇ... ಯಾವಾಗಿಂದ?... ನರ್ಸ್ ಇದಾರಾ?... ನಿಲ್ಲಿಸಬೇಡಿ ಅಂತ ಹೇಳು, ಬಂದೆ.

ಸಭಿಕರೇ, ಆಗ ದೀಪ ಮಿಟುಕಿದಾಗಲೇ ಮೆಷಿನ್ ನಿಂತಿದೆ. ನರ್ಸಮ್ಮ ರಬ್ಬರ್ ಚೀಲ ಒತ್ತಿ ಒತ್ತಿ ಮಗುವಿಗೆ ಉಸಿರು ಕೊಡುತ್ತಿದ್ದಾರಂತೆ. ನನಗೆ ತುಂಬಾ ಭಯವಾಗುತ್ತಿದೆ, ನಾನು ಹೊರಟೆ. ಪರೀಕ್ಷಾ ವಿಭಾಗದವರೇ, ಊಟಕ್ಕೆ ಕೂರಬೇಡಿ. ನಮ್ಮ ಮೆಷಿನ್ ಇರುವ ಪ್ರತಿ ಆಸ್ಪತ್ರೆಗೂ ಈಗಲೇ ಫೋನ್ ಮಾಡಿ. ಪ್ರತಿ ಮಗುವಿನ ಪಕ್ಕದಲ್ಲೂ ಒಬ್ಬರು ಚೀಲ ಹಿಡಿದು ನಿಲ್ಲಲಿ. ಅಧ್ಯಕ್ಷರಿಗೂ ತಮಗೆಲ್ಲರಿಗೂ ಧನ್ಯವಾದ. ನಮಸ್ಕಾರ. ದಾರಿ ಬಿಡಿ.