ಏಡಿ ಕಳಚಿಟ್ಟ ಚಿಪ್ಪು

ಮತಾನ್ಸಾಸ್ ಊರಿನ ನಮ್ಮ ಬಡಾವಣೆಯ ಚಿಕಿತ್ಸಾಲಯದಲ್ಲಿ ಸೂಜಿ ಹಾಕುವ ಕೋಣೆಯ ಸಾಲು ಅಂಗಳದವರೆಗೆ ಬೆಳೆದಿತ್ತು. ನನ್ನ ಹಿಂದೆ ಯುನೈಸಿ ಮಗುವನ್ನು ಎದೆಗವಚಿಕೊಂಡು ನಿಂತಿದ್ದಳು, ಪಕ್ಕದಲ್ಲಿ ಅವಳ ತಾಯಿ ಓರ್ತೆನ್ಸಿಯಾ. ಸಾಲಿನಲ್ಲಿ ಅವರೇ ಕೊನೆಯವರು.

"ಮೊದಲನೇ ಲಸಿಕೆಗೇ ರಾತ್ರಿಯಿಡೀ ಜ್ವರ ಬಂದು ಕಿರುಚಿದ. ಇನ್ನೊಂದು ಬೇಡ. ನಡಿ, ಮನೆಗೆ ಹೋಗೋಣ," ಎಂದಳು ಯುನೈಸಿ ತಾಯಿಗೆ.

"ಒಂದು ರಾತ್ರಿ ಜ್ವರಕ್ಕೇ ಹೆದರಿಬಿಟ್ಯಾ?"

"ಮಿದುಳುಜ್ವರದ ಕ್ರಿಮೀನೇ ಮೈಗೆ ಹಾಕ್ತಾರಮ್ಮಾ!"

"ಕ್ರಿಮಿ ಅಲ್ಲ ಕಣೇ, ಮೂದೇವಿ! ಕ್ರಿಮಿ ತನ್ನ ಹೊರಚರ್ಮದಿಂದ ಉದುರಿಸೋ ಗುಳ್ಳೆ. ಅದರಲ್ಲಿ ಜೀವ ಇಲ್ಲ. ಏಡಿ ಕಳಚಿಟ್ಟ ಚಿಪ್ಪು ಯಾರನ್ನಾದ್ರೂ ಚಿವುಟುತ್ತಾ?"

"ಮತ್ತೆ ಜ್ವರ ಯಾಕೆ ಬಂತು?"

"ಮೈ ಅದನ್ನೇ ಏಡಿ ಅಂದ್ಕೊಂಡು ಹೊಡೆದಾಡ್ತು. ಹಾಗೇ ಕಲಿಯೋದು ಅದು. ನಿನ್ನಣ್ಣ ಓಸ್ಮೆಲ್‌ಗೆ ನಿಜವಾದ ಏಡೀನೇ ಬಂತು. ಬೆಳಿಗ್ಗೆ ಜ್ವರ, ಮಧ್ಯಾಹ್ನ ಮೈತುಂಬ ನೇರಳೆ ಮಚ್ಚೆ, ಸಂಜೆಗೆ ಮಗು ಇಲ್ಲ. ಆಗ ಈ ಲಸಿಕೆ ಇರಲಿಲ್ಲ."

"ಪ್ರತಿ ಸಲ ಓಸ್ಮೆಲ್ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸ್ತೀಯ!"

"ಹೂಂ, ಮುಚ್ಚಿಸ್ತೀನಿ. ಹೋಗು, ಎತ್ಕೊಂಡು ಹೋಗು!"

ಅಷ್ಟರಲ್ಲಿ ಹೊಸದಾಗಿ ಬಂದ ಗಂಡಸೊಬ್ಬ ಕೂಗಿ ಕೇಳಿದ: "ಕೊನೆಯವರು ಯಾರು?"

ನಮ್ಮಲ್ಲಿ ಹೊಸಬರು ಹೀಗೆ ಕೇಳಿ, ಕೈ ಎತ್ತಿದವರ ಹಿಂದೆ ನಿಲ್ಲುತ್ತಾರೆ; ಕೊನೆಯವರು ಆಗ ಕೈ ಎತ್ತದಿದ್ದರೆ ಅವರ ಸರದಿ ಹೋದಂತೆಯೇ. ಓರ್ತೆನ್ಸಿಯಾ ಮಗಳ ಮುಖ ನೋಡಿದಳು, ಕೈ ಎತ್ತಲಿಲ್ಲ.

"ನಾನೇ!" ಯುನೈಸಿ ಗದರಿದಳು. "ಕಣ್ಣು ಕಾಣಲ್ವಾ?"

ಅವಳ ಮನಸ್ಸು ಮತ್ತೆ ಬದಲಾದೀತೆಂದು ಹೆದರಿ, ನನ್ನ ಸರದಿ ಬಂದಾಗ ಅವರನ್ನೇ ಮುಂದೆ ಬಿಟ್ಟೆ. ಬಾಗಿಲು ಮುಚ್ಚಿದ ಮೇಲೂ ಅವಳ ಧ್ವನಿ ಕೇಳುತ್ತಿತ್ತು:

"ನಿಧಾನ ಕಣೇ ನರ್ಸಮ್ಮಾ! ಅದು ನನ್ನ ಮಗನ ತೊಡೆ, ಹಬ್ಬದ ಹಂದೀದಲ್ಲ!"